ಮಾವಳ್ಳಿಯ ಮಯ್ಯರ ಅಡುಗೆಮನೆ

ಮಕ್ಕಳೇ, ನಿಮ್ಮ ಮನೆಯ ಕಪಾಟಿನಲ್ಲಿ ಎಂ.ಟಿ.ಆರ್. ಎಂದು ಬರೆದ ಪೊಟ್ಟಣ ಒಂದಾದರೂ ಇದ್ದೀತು. ಸಾರಿನ ಪುಡಿಯದೋ, ಗುಲಾಬ್ ಜಾಮೂನಿನದೋ. ಆ ಮೂರು ಅಕ್ಷರ ಹುಟ್ಟಿದ್ದು ಬೆಂಗಳೂರಿನ ಲಾಲ್‌ಬಾಗ್ ರಸ್ತೆಯ ಮಾವಳ್ಳಿ ಟಿಫಿನ್ ರೂಮ್ಸ್ ಎಂಬ ಹೋಟೆಲಿನಿಂದ.

ಉಡುಪಿ ಸೀಮೆಯ ಸಾಲಿಗ್ರಾಮದ ಹತ್ತಿರ ಪಾರಂಪಳ್ಳಿ ಎಂಬ ಊರಿದೆ. ಅಲ್ಲಿಂದ ಬೆಂಗಳೂರಿಗೆ ಬಂದ ಮಯ್ಯ ಅಣ್ಣತಮ್ಮಂದಿರು ಮೊದಲು ಅವರಿವರ ಮನೆಯಲ್ಲಿ ಅಡುಗೆ ಮಾಡಿದರು. 1924ರಲ್ಲಿ ಬ್ರಾಹ್ಮಿನ್ ಕಾಫಿ ಕ್ಲಬ್ ಎಂಬ ಪುಟ್ಟ ಹೋಟೆಲು ಇಟ್ಟರು. ಅದನ್ನು ಬೆಳೆಸಿದವರು ಅವರಲ್ಲೊಬ್ಬರಾದ ಯಜ್ಞನಾರಾಯಣ ಮಯ್ಯ. 1951ರಲ್ಲಿ ಅವರು ಯುರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳನ್ನು ಕಣ್ಣಾರೆ ಕಂಡರು. ಅವರ ಮನಸ್ಸಿಗೆ ಹಿಡಿಸಿದ್ದು ಅಲ್ಲಿಯ ಶುಚಿತ್ವ. ಊರಿಗೆ ಮರಳಿದವರೇ ತಟ್ಟೆ ಲೋಟಗಳನ್ನು ಬಿಸಿ ಹಬೆಯಲ್ಲಿ ಶುದ್ಧಮಾಡುವ ಏರ್ಪಾಡು ಮಾಡಿದರು. ಗಿರಾಕಿಗಳು ಅಡುಗೆಮನೆಯನ್ನು ಹಾದು ಊಟದ ಕೋಣೆಗೆ ಬರಬಹುದಿತ್ತು. ಮುಚ್ಚಿಡುವಂಥದ್ದು ಏನೂ ಇಲ್ಲದವರಿಗೆ ಮಾತ್ರ ಬರುವ ಧೈರ್ಯ ಅದು. 1960ರಲ್ಲಿ ಹೋಟೆಲು ಈಗಿನ ಜಾಗಕ್ಕೆ ಬಂತು, ಈಗಿನ ಹೆಸರೂ ಬಂತು.

ರವೆ ಇಡ್ಲಿಯೂ ಈ ಅಡುಗೆಮನೆಯದೇ ಎನ್ನುತ್ತಾರೆ. ಎರಡನೇ ಮಹಾಯುದ್ಧದಲ್ಲಿ ಬರ್ಮಾ ಜಪಾನಿನ ಕೈಸೇರಿ, ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಅಕ್ಕಿಯಿಲ್ಲದೆ ಇಡ್ಲಿ ಹೇಗೆ? ರವೆಯನ್ನು ತುಪ್ಪದಲ್ಲಿ ಘಮ್ಮೆನ್ನುವಂತೆ ಹುರಿದು, ಸಾಸಿವೆ ಒಗ್ಗರಣೆ ಕೊಟ್ಟು, ಮೊಸರಲ್ಲಿ ಕಲಸಿ, ಮೇಲೊಂದು ಗೋಡಂಬಿ ಇಟ್ಟು ಹಬೆಯಲ್ಲಿ ಬೇಯಿಸಿದರು. ಇಂದಿಗೂ ಅದರ ಜೊತೆಗೆ ಸಾಗು, ಚಟ್ನಿ, ಪುಟ್ಟ ಬಟ್ಟಲಲ್ಲಿ ತುಪ್ಪ ಬರುತ್ತದೆ.

ಯಜ್ಞನಾರಾಯಣ ಮಯ್ಯರ ನಂತರದ ತಲೆಮಾರಿಗೆ ಕಾದಿದ್ದು ದೊಡ್ಡ ಪರೀಕ್ಷೆ. 1975ರ ತುರ್ತುಪರಿಸ್ಥಿತಿಯಲ್ಲಿ ಹೋಟೆಲು ತಿಂಡಿಗಳನ್ನು ತೀರಾ ಕಡಿಮೆ ಬೆಲೆಗೇ ಮಾರಬೇಕೆಂದು ಸರ್ಕಾರ ಕಟ್ಟುಮಾಡಿತು. ಆ ಬೆಲೆಗೆ ಕೊಡಬೇಕೆಂದರೆ ತುಪ್ಪ ಕಡಿಮೆ ಮಾಡಬೇಕು, ಬೇಳೆ ಅಗ್ಗದ್ದು ತರಬೇಕು. ಆಗ ಹೋಟೆಲು ನೋಡಿಕೊಳ್ಳುತ್ತಿದ್ದ ಹರಿಶ್ಚಂದ್ರ ಮಯ್ಯರು ಅದಕ್ಕೆ ಒಪ್ಪಲಿಲ್ಲ. ರುಚಿ ಹಾಗೇ ಉಳಿಸಿ, ಆ ದಿನ ಎಷ್ಟು ನಷ್ಟವಾಯಿತೆಂದು ಬಾಗಿಲಲ್ಲಿ ಹಲಗೆಯ ಮೇಲೆ ಬರೆದು ಹಾಕುತ್ತಿದ್ದರಂತೆ. ನಷ್ಟ ತಡೆಯಲಾಗದಾಗ ಹೋಟೆಲಿಗೆ ಬಾಗಿಲು ಹಾಕಿದರು. ಕೆಲಸದವರ ಗತಿ? ಅವರ ಕೆಲಸ ಉಳಿಸಲು ಮನೆಯವರು ಪುಡಿ, ದಿಢೀರ್ ಮಿಶ್ರಣಗಳ ವ್ಯಾಪಾರಕ್ಕೆ ಹೆಚ್ಚು ಒತ್ತು ಕೊಟ್ಟರು. ನಿಮ್ಮ ಕಪಾಟಿನ ಪೊಟ್ಟಣ ದೂರದೇಶ ಕಂಡದ್ದರ ಹಿಂದೆ ಆ ಕಷ್ಟಕಾಲವಿದೆ. ಹೋಟೆಲು ಮುಂದೆ ಮತ್ತೆ ತೆರೆಯಿತು.

1999ರಲ್ಲಿ ಹರಿಶ್ಚಂದ್ರ ಮಯ್ಯರು ತೀರಿಕೊಂಡರು. ಹೋಟೆಲಿನ ಹೊಣೆ ಅವರ ಮಗಳು ಹೇಮಮಾಲಿನಿ ಮಯ್ಯರ ಹೆಗಲಿಗೆ ಬಂತು. ತಮ್ಮಂದಿರಾದ ವಿಕ್ರಂ, ಅರವಿಂದ್ ಜೊತೆಯಾದರು. 2007ರಲ್ಲಿ ಪೊಟ್ಟಣಗಳ ಕಂಪನಿಯನ್ನು ನಾರ್ವೆಯ ಓರ್ಕ್ಲಾ ಕೊಂಡಿತು. ಹೋಟೆಲು ಮಾತ್ರ ಮನೆತನದಲ್ಲೇ ಉಳಿಯಿತು. ಹೆಸರು ಒಂದೇ ಆದರೂ ಈಗ ಅವು ಬೇರೆ ಬೇರೆ ಸಂಸ್ಥೆಗಳು. ಹೋಟೆಲನ್ನು ಉಳಿಸಿಕೊಂಡದ್ದೇ ಆ ಮನೆಯವರ ಅತಿ ದೊಡ್ಡ ತೀರ್ಮಾನ ಎಂದು ನನ್ನ ನಂಬಿಕೆ. ಕಾರ್ಖಾನೆಯನ್ನು ಯಾರು ಬೇಕಾದರೂ ನಡೆಸಬಹುದು. ಹುರಿಯುವ ಹದ, ತೊಳೆಯುವ ಶಿಸ್ತು ಒಬ್ಬರ ಪಕ್ಕದಲ್ಲಿ ನಿಂತು ಇನ್ನೊಬ್ಬರು ಕಲಿತರಷ್ಟೇ ಉಳಿಯುತ್ತವೆ. 2013ರಲ್ಲಿ ಹೋಟೆಲಿನವರು ಸಿಂಗಪುರದ ಸೆರಂಗೂನ್ ರಸ್ತೆಯಲ್ಲಿ ಶಾಖೆ ತೆರೆದರು, ದುಬೈಗೂ ಹೋದರು. 2024ಕ್ಕೆ ಹೋಟೆಲಿಗೆ ನೂರು ತುಂಬಿತು.

ನಿಮ್ಮ ಅಜ್ಜ ಅಜ್ಜಿ 1975ರ ಸುಮಾರಿಗೆ ಬೆಂಗಳೂರಲ್ಲಿದ್ದರೆ ಈ ವಾರ ಫೋನು ಮಾಡಿದಾಗ ಕೇಳಿ: ಲಾಲ್‌ಬಾಗ್ ರಸ್ತೆಯ ಆ ನಷ್ಟದ ಹಲಗೆಯನ್ನು ನೋಡಿದ್ದಿರಾ? ಅವರು ಹೇಳಿದ್ದನ್ನು ಕನ್ನಡದಲ್ಲೇ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕೋಣ.