ಸಗಣಿ ಲೆಕ್ಕ ಹಾಕಿದ ಮೇಷ್ಟ್ರು

ಫಸ್ಟ್ ಇಯರ್ ಕೆಮಿಸ್ಟ್ರಿಯಲ್ಲಿ ಎಲೆಕ್ಟ್ರೋಡು, ಸೆಲ್ಲು ಅಂತ ನಾವೆಲ್ಲ ಒದ್ದಾಡಿದವರೇ. ಆ ವಿಷಯಕ್ಕೆ ಹೊರದೇಶದವರೂ ಹುಡುಕಿಕೊಂಡು ಓದುವ ಎರಡು ಸಂಪುಟದ ದಪ್ಪ ಪುಸ್ತಕವೊಂದಿದೆ, 1970ರ ‘ಮಾಡರ್ನ್ ಎಲೆಕ್ಟ್ರೋಕೆಮಿಸ್ಟ್ರಿ’. ಬರೆದವರು ಬೋಕ್ರಿಸ್ ಮತ್ತು ರೆಡ್ಡಿ. ಈ ರೆಡ್ಡಿ ಬೆಂಗಳೂರಿನವರೇ, ಅಮೂಲ್ಯ ಕುಮಾರ್ ಎನ್. ರೆಡ್ಡಿ. ನಮ್ಮಲ್ಲಿ ಎಷ್ಟೋ ಜನ ಅಂಬೆಗಾಲಿಡುವ ಮೊದಲೇ ತೀರಿಕೊಂಡವರು. ಇಂಥ ಪುಸ್ತಕ ಬರೆದವರು ಮುಂದೆ ಸಗಣಿ ತೂಗೋಕೆ ಹೊರಟರು ಅಂದ್ರೆ ನಂಬೋದು ಕಷ್ಟ.

ಹುಟ್ಟಿದ್ದು 1930ರಲ್ಲಿ. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಪಿಎಚ್‌ಡಿ, ಅಮೆರಿಕದಲ್ಲಿ ಬೋಕ್ರಿಸ್ ಜೊತೆ ಕೆಲಸ, 1966ರಿಂದ ನಮ್ಮ ಟಾಟಾ ಇನ್‌ಸ್ಟಿಟ್ಯೂಟ್, ಅಂದ್ರೆ ಐಐಎಸ್‌ಸಿ. ಅಲ್ಲೇ ಪೇಪರ್ ಬರೆದುಕೊಂಡು ಹಾಯಾಗಿರಬಹುದಿತ್ತು. ಆದರೆ 1974ರಲ್ಲಿ ಹಳ್ಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ ‘ಅಸ್ತ್ರ’ ಅನ್ನೋ ಗುಂಪು ಕಟ್ಟಿದರು. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ಕೇಂದ್ರ.

ಮೊದಲು ಮಾಡಿದ ಕೆಲಸ ಸರ್ವೆ. ಮನೆ ಮನೆಗೆ ಹೋಗಿ ಸೌದೆ ಎಷ್ಟು ಸುಡುತ್ತೆ, ಅದನ್ನು ಯಾರು ಹೊತ್ತು ತರ್ತಾರೆ, ಎಷ್ಟು ಹೊತ್ತು ಹಿಡಿಯುತ್ತೆ ಅಂತ ಬರೆದುಕೊಂಡರು. ಹಳ್ಳಿಯ ಶಕ್ತಿಯಲ್ಲಿ ದೊಡ್ಡ ಪಾಲು ಅಡುಗೆ ಒಲೆಗೇ ಹೋಗುತ್ತಿತ್ತು, ಹೊರೋದರಲ್ಲಿ ಹೆಂಗಸರು ಮಕ್ಕಳ ಪಾಲು ದೊಡ್ಡದು. ಹೊಗೆ ಕಡಿಮೆ ಮಾಡಿ ಸೌದೆ ಉಳಿಸುವ ಅಸ್ತ್ರ ಒಲೆ ಬಂದದ್ದು ಇದೇ ಗುಂಪಿನಿಂದ.

ಹತ್ತಿರದ ಪುರ ಅನ್ನೋ ಹಳ್ಳಿಯಲ್ಲಿ ಊರಿಗೆಲ್ಲ ಸೇರಿ ಒಂದು ಗೋಬರ್ ಗ್ಯಾಸ್ ಸ್ಥಾವರ ಕಟ್ಟಿದರು. ಅಡುಗೆಗೆ ಗ್ಯಾಸ್ ಕೊಡೋಣ ಅಂತ. ಅದು ಕೈ ಕೊಟ್ಟಿತು. ಯಾಕೆ ಅಂತ ನಾವೂ ಲೆಕ್ಕ ಹಾಕಿ ನೋಡಿದೆವು. ಒಂದು ಕೆಜಿ ಸಗಣಿಗೆ ಸುಮಾರು 35–40 ಲೀಟರ್ ಗ್ಯಾಸ್. ಐದು ಜನರ ಮನೆಯ ಅಡುಗೆಗೆ ದಿನಕ್ಕೆ ಸಾವಿರ ಲೀಟರ್ ದಾಟುತ್ತೆ, ಅಂದ್ರೆ ಮೂವತ್ತು ಕೆಜಿ ಸಗಣಿ. ಮೇಯೋಕೆ ಹೋದ ದನ ಅರ್ಧ ಸಗಣಿಯನ್ನು ಹೊಲದಲ್ಲೇ ಹಾಕಿ ಬರುತ್ತೆ! ಗ್ಯಾಸ್ ಸಾಲಲಿಲ್ಲ. ಅರ್ಧ ಅಡುಗೆಗೆ ಬರುವ ಗ್ಯಾಸ್ ಯಾರಿಗೆ ಬೇಕು? ಹೆಂಗಸರಿಗೆ ಆಸಕ್ತಿ ಹೋಯಿತು, ಸಗಣಿ ಬರೋದೂ ನಿಂತಿತು.

ಇಲ್ಲಿ ರೆಡ್ಡಿಯವರು ಊರಿನವರನ್ನು ದೂರಲಿಲ್ಲ, ಅದೇ ನಮಗೆ ಹಿಡಿಸಿದ್ದು. ಊರಿಗೆ ಏನು ಬೇಕು ಅಂತ ಕೇಳಿದಾಗ ಬಂದ ಉತ್ತರ ಕುಡಿಯುವ ನೀರು. ಸರಿ, ಗ್ಯಾಸನ್ನು ಒಲೆ ಬಿಟ್ಟು ಎಂಜಿನ್‌ಗೆ ತಿರುಗಿಸಿದರು. ಡೀಸೆಲ್ ಎಂಜಿನ್ನೇ, ಆದರೆ ಕಿಡಿ ಹೊತ್ತಿಸೋಕೆ ಮಾತ್ರ ಸ್ವಲ್ಪ ಡೀಸೆಲ್, ಉಳಿದದ್ದು ಗೋಬರ್ ಗ್ಯಾಸ್. ಅದಕ್ಕೆ ಸುಮಾರು 5 ಕಿಲೋವ್ಯಾಟಿನ ಜನರೇಟರ್. 1987ರಿಂದ ಪುರದಲ್ಲಿ ಕೊಳವೆಬಾವಿ ನೀರು ನಲ್ಲಿಗೆ ಬಂತು, ಮನೆಗಳಲ್ಲಿ ಟ್ಯೂಬ್‌ಲೈಟ್ ಉರಿಯಿತು. ಊರಿನ ದೀಪಕ್ಕೂ ಪಂಪಿಗೂ ಬೇಕಾದ ಗ್ಯಾಸು ಅಡುಗೆಗೆ ಬೇಕಾದ್ದರ ಒಂದು ಸಣ್ಣ ಪಾಲು ಅಷ್ಟೇ. ಅದೇ ಸಗಣಿ ಈಗ ಸಾಕಾಯಿತು.

ಸಗಣಿ ತಂದವರಿಗೆ ತೂಕದ ಮೇಲೆ ಪೈಸೆ ಲೆಕ್ಕದಲ್ಲಿ ದುಡ್ಡು. ಗ್ಯಾಸ್ ತೆಗೆದ ಮೇಲೆ ಉಳಿದ ಗೊಬ್ಬರವೂ ವಾಪಸ್. ದೀಪಕ್ಕೆ, ನೀರಿಗೆ ತಿಂಗಳ ಶುಲ್ಕ. ನಡೆಸಿದವರು ಊರಿನ ಹುಡುಗರೇ. ಪಕ್ಕದ ಹೊಸಹಳ್ಳಿಯಲ್ಲಿ 1988ರಲ್ಲಿ ಐಐಎಸ್‌ಸಿಯವರು ಸೌದೆ ಗ್ಯಾಸಿಫೈಯರ್‌ನಿಂದ ಕರೆಂಟು ಕೊಟ್ಟರು.

ಪುರದ ಎಂಜಿನ್ ವರ್ಷಗಟ್ಟಲೆ ಓಡಿ ಕೊನೆಗೆ ನಿಂತಿತು. ಅದನ್ನೂ ರೆಡ್ಡಿಯವರು ಮುಚ್ಚಿಡಲಿಲ್ಲ. ಗೆದ್ದದ್ದು, ಸೋತದ್ದು ಎರಡನ್ನೂ ಸೇರಿಸಿ 2004ರಲ್ಲಿ ಪುರದ ಪಾಠಗಳ ಬಗ್ಗೆ ಪ್ರಬಂಧ ಬರೆದರು. ಅಷ್ಟರಲ್ಲಿ 2000ದ ವೋಲ್ವೊ ಪರಿಸರ ಪ್ರಶಸ್ತಿಯೂ ಬಂದಾಗಿತ್ತು. 2006ರ ಮೇ 7ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಅಸ್ತ್ರದ ಹೆಸರು ಈಗ ಸೆಂಟರ್ ಫಾರ್ ಸಸ್ಟೈನಬಲ್ ಟೆಕ್ನಾಲಜೀಸ್ ಅಂತ ಬದಲಾಗಿದೆ. ನಮಗಂತೂ ಹಳೇ ಹೆಸರೇ ಇಷ್ಟ.