ದಳವಾಯಿ ಮನೆತನದ ಮಗಳು



ಆದಿವಾಲದ ಕಡೆಯವರಿಗೆ ವಾಣಿವಿಲಾಸ ಸಾಗರ ಹೊಸದೇನಲ್ಲ. ಮಾರಿಕಣಿವೆಯಲ್ಲಿ ವೇದಾವತಿಗೆ ಕಟ್ಟಿದ ಈ ಅಣೆಕಟ್ಟೇ ಹಿರಿಯೂರು ಸೀಮೆಯ ಜೀವಾಳ. ಆದರೆ ಈ ವಾಣಿವಿಲಾಸ ಯಾರೆಂದು ಮನೆಯ ಮಕ್ಕಳು ಕೇಳಿದರೆ ನಮ್ಮಲ್ಲಿ ಎಷ್ಟು ಮಂದಿ ಉತ್ತರ ಹೇಳಬಲ್ಲೆವು?

ವಾಣಿವಿಲಾಸ ಸನ್ನಿಧಾನ ಎಂಬುದು ಮೈಸೂರಿನ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ಬಿರುದು. ಅವರು ಹುಟ್ಟಿದ್ದು 1866ರಲ್ಲಿ, ಕಳಲೆಯ ಅರಸು ಮನೆತನದಲ್ಲಿ. ನಂಜನಗೂಡಿನ ಹತ್ತಿರದ ಈ ಕಳಲೆಯವರು ಒಂದು ಕಾಲಕ್ಕೆ ಮೈಸೂರಿನ ದಳವಾಯಿಗಳು, ಅಂದರೆ ಸೇನಾಧಿಪತಿಗಳು. ಕೆಂಪನಂಜಮ್ಮಣ್ಣಿ ಹುಟ್ಟುವ ವೇಳೆಗೆ ಆ ಅಧಿಕಾರ ಹಳೆಯ ಮಾತಾಗಿತ್ತು. 1831ರಿಂದ ರಾಜ್ಯವಾಳುತ್ತಿದ್ದವರು ಆಂಗ್ಲ ಅಧಿಕಾರಿಗಳು. 1864ರಲ್ಲಿ ಬೆಂಗಳೂರಿಗೆ ರೈಲು ಬಂದಿತ್ತು. ಕಾಲ ಬದಲಾಗುತ್ತಿತ್ತು.

ಅದೇ ದಿನಗಳಲ್ಲಿ ದೂರದ ಜಪಾನಿನಲ್ಲೂ ಸಮುರಾಯಿಗಳೆಂಬ ಯೋಧ ಮನೆತನಗಳ ಕಾಲ ಮುಗಿಯುತ್ತಿತ್ತು. 1871ರಲ್ಲಿ ಅಲ್ಲಿನ ಸರಕಾರ ಅಂಥ ಮನೆಗಳ ಐವರು ಹುಡುಗಿಯರನ್ನು ಓದಲೆಂದು ಅಮೆರಿಕಕ್ಕೆ ಕಳುಹಿಸಿತು. ಅವರಲ್ಲಿ ಎಲ್ಲರಿಗಿಂತ ಕಿರಿಯಳಾದ ತ್ಸುದಾ ಉಮೆಕೊಗೆ ಆಗ 6 ವರ್ಷ. ಈಕೆ ಮುಂದೆ 1900ರಲ್ಲಿ ಟೋಕಿಯೋದಲ್ಲಿ ಹೆಣ್ಣುಮಕ್ಕಳಿಗಾಗಿ ವಿದ್ಯಾಲಯ ತೆರೆದರು.

ನಮ್ಮ ಕೆಂಪನಂಜಮ್ಮಣ್ಣಿಗೆ ಅಂಥ ಯೋಗವಿರಲಿಲ್ಲ. ಬಾಲ್ಯವಿವಾಹವೇ ಅಂದಿನ ರೂಢಿ. 1878ರಲ್ಲಿ, 12ರ ಆಸುಪಾಸಿನಲ್ಲಿ, ಅವರು ಹತ್ತನೆಯ ಚಾಮರಾಜ ಒಡೆಯರ ಕೈಹಿಡಿದು ಅಂತಃಪುರ ಸೇರಿದರು. ಮೂರು ವರ್ಷಗಳ ನಂತರ ಆಂಗ್ಲರು ರಾಜ್ಯವನ್ನು ಒಡೆಯರಿಗೆ ಹಿಂತಿರುಗಿಸಿದರು. ಅದೇ 1881ರಲ್ಲಿ ಮೈಸೂರಿನಲ್ಲಿ ಹೆಣ್ಣುಮಕ್ಕಳಿಗಾಗಿ ಮಹಾರಾಣಿಯವರ ಹೆಸರಿನ ಶಾಲೆ ಆರಂಭವಾಯಿತು. ತಾವು ಶಾಲೆಯ ಮೆಟ್ಟಿಲು ಹತ್ತದ ವಯಸ್ಸಿನಲ್ಲಿ ಮದುವೆಯಾದವರ ಹೆಸರಿನಲ್ಲಿ ಇತರರ ಹೆಣ್ಣುಮಕ್ಕಳು ಓದಿದರು. ಆ ಶಾಲೆಯೇ ಬೆಳೆದು ಮಹಾರಾಣಿ ಕಾಲೇಜಾಯಿತು.

1894ರ ಡಿಸೆಂಬರ್ 28ರಂದು ಸಿಡಿಲೆರಗಿತು. ಕಲ್ಕತ್ತಕ್ಕೆ ಹೋಗಿದ್ದ ಮಹಾರಾಜರು ಗಂಟಲಮಾರಿ ರೋಗಕ್ಕೆ ತುತ್ತಾಗಿ ಅಲ್ಲೇ ತೀರಿಕೊಂಡರು. ಮಹಾರಾಣಿಗೆ ಆಗ 28 ವರ್ಷ. ಇಬ್ಬರು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳು. ಪಟ್ಟಕ್ಕೆ ಬರಬೇಕಾದ ಹಿರಿಯ ಮಗ ಕೃಷ್ಣರಾಜರಿಗೆ ಕೇವಲ 10 ವರ್ಷ. ಅಂದಿನ ದಿನಗಳಲ್ಲಿ ವಿಧವೆಯಾದ ಹೆಣ್ಣು ಮೂಲೆ ಸೇರುವುದೇ ಪದ್ಧತಿ. ಈ ತಾಯಿ ಮಾತ್ರ ಮಗನ ಪರವಾಗಿ ರಾಜ್ಯಭಾರ ವಹಿಸಿಕೊಂಡರು.

ಅವರಿಗೆ ನೆರವಾಗಿ ದಿವಾನ್ ಶೇಷಾದ್ರಿ ಅಯ್ಯರ್ ಹಾಗೂ ಒಂದು ಆಡಳಿತ ಮಂಡಲಿ ಇತ್ತು. ಅದರಲ್ಲಿ ನಮ್ಮ ಕಥೋಲಿಕ ಕ್ರೈಸ್ತರಾದ ಟಿ.ಆರ್.ಎ. ತಂಬುಚೆಟ್ಟಿಯವರೂ ಸದಸ್ಯರಾಗಿದ್ದರೆಂಬುದು ನಮಗೆ ಸಂತೋಷದ ವಿಷಯ.

ಕಷ್ಟಗಳು ಸಾಲುಗಟ್ಟಿ ಬಂದವು. 1897ರಲ್ಲಿ ಹಿರಿಯ ಮಗಳ ಮದುವೆಯ ಸಂದರ್ಭದಲ್ಲೇ ಮೈಸೂರಿನ ಹಳೆಯ ಅರಮನೆ ಬೆಂಕಿಗೆ ಆಹುತಿಯಾಯಿತು. ಮರುವರ್ಷ ಪ್ಲೇಗು ಮಾರಿ ರಾಜ್ಯಕ್ಕೆ ಕಾಲಿಟ್ಟಿತು. ಆದರೂ ಕೆಲಸ ನಿಲ್ಲಲಿಲ್ಲ. 1898ರಲ್ಲಿ ನಮ್ಮ ಮಾರಿಕಣಿವೆಯಲ್ಲಿ ಕಟ್ಟೆಯ ಕೆಲಸ ಆರಂಭವಾಯಿತು. 1900ರಲ್ಲಿ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ತೆರೆಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು.

ಇಷ್ಟರ ನಡುವೆಯೂ ಅವರು ತಾಯಿಯ ಕರ್ತವ್ಯ ಮರೆಯಲಿಲ್ಲ. ರಾಜಕುಮಾರನೆಂದು ಮಗನನ್ನು ಒಂಟಿಯಾಗಿ ಬೆಳೆಸಲಿಲ್ಲ. ಇತರ ಮನೆತನಗಳ ಹುಡುಗರೊಂದಿಗೆ ಕೂತು ಅವರು ಪಾಠ ಕಲಿತರು. ಆ ಸಹಪಾಠಿಗಳಲ್ಲಿ ಒಬ್ಬರಾದ ಮಿರ್ಜಾ ಇಸ್ಮಾಯಿಲ್ 1926ರಲ್ಲಿ ಮೈಸೂರಿನ ದಿವಾನರಾದರು.

1902ರ ಆಗಸ್ಟ್ 8ರಂದು, ಮಗನಿಗೆ 18 ತುಂಬಿದಾಗ, ಅಧಿಕಾರವನ್ನು ಅವರ ಕೈಗೊಪ್ಪಿಸಿ ಮಹಾರಾಣಿ ಹಿಂದೆ ಸರಿದರು. ಏಳು ವರ್ಷಗಳಿಗೂ ಹೆಚ್ಚು ಕಾಲ ಕೈಯಲ್ಲಿದ್ದ ಅಧಿಕಾರವನ್ನು ಹೀಗೆ ಬಿಟ್ಟುಕೊಡುವುದು ಎಲ್ಲರಿಗೂ ಸಾಧ್ಯವೇ? ಮನೆಯ ಬೀರುವಿನ ಬೀಗದ ಕೈಯನ್ನು ಬೆಳೆದ ಮಗನಿಗೋ ಸೊಸೆಗೋ ಕೊಡಲು ನಾವೆಷ್ಟು ಹಿಂದೆಮುಂದೆ ನೋಡುತ್ತೇವೆಂದು ಯೋಚಿಸಿ. ತಮ್ಮದಲ್ಲದ ಆಸ್ತಿಯನ್ನು ಜೋಪಾನ ಮಾಡಿ, ಹೆಚ್ಚಿಸಿ, ವಾರಸುದಾರನಿಗೆ ಒಪ್ಪಿಸಿದವರು ಅವರು.

ಮುಂದೆ ಅವರ ಮಗಳು ಕೃಷ್ಣಾಜಮ್ಮಣ್ಣಿ ಕ್ಷಯರೋಗದಿಂದ ತೀರಿಕೊಂಡರು. ಮೈಸೂರಿನ ಕ್ಷಯರೋಗ ಆಸ್ಪತ್ರೆಗೆ ಆ ಮಗಳ ಹೆಸರನ್ನೇ ಇಡಲಾಯಿತು. ರಾಜಮನೆತನದ ದುಃಖ ಬಡವರ ಔಷಧಿಗೆ ದಾರಿಯಾಯಿತು.

1907ರಲ್ಲಿ ಪೂರ್ಣಗೊಂಡ ಮಾರಿಕಣಿವೆ ಮೊದಲ ಬಾರಿ ಕೋಡಿ ಬಿದ್ದದ್ದು 1933ರಲ್ಲಿ. ಮರುವರ್ಷ, 1934ರ ಜುಲೈ 7ರಂದು, ಮಹಾರಾಣಿ ಕಣ್ಮುಚ್ಚಿದರು. ಮತ್ತೆ ಕೋಡಿ ಬೀಳಲು 2022ರವರೆಗೆ ಕಾಯಬೇಕಾಯಿತು.

ಮುಂದಿನ ಸಲ ಮನೆಮಂದಿಯೊಂದಿಗೆ ಕಣಿವೆಗೆ ಹೋದಾಗ ನೀರು ನೋಡಿ ಬುತ್ತಿ ಉಂಡು ಬಂದರೆ ಸಾಲದು. ಕಟ್ಟೆಯ ಮೇಲೆ ನಿಂತು ನಿಮ್ಮ ಹೆಣ್ಣುಮಕ್ಕಳಿಗೆ ಈ ತಾಯಿಯ ಕಥೆ ಹೇಳಿ. ಗಂಡುಮಕ್ಕಳಿಗೂ ಹೇಳಿ.