ನಕಹಾಮ ಮಾಂಜಿರೋ

ನಕಹಾಮ ಮಾಂಜಿರೋ (1827–1898) ಅಮೆರಿಕದಲ್ಲಿ ಕಲಿತು ಸ್ವದೇಶಕ್ಕೆ ಮರಳಿದ ಜಪಾನಿ ಭಾಷಾಂತರಕಾರರು. ತೋಸಾ ಪ್ರಾಂತ್ಯದ ಬಡ ಬೆಸ್ತರ ಕುಟುಂಬದಲ್ಲಿ ಜನಿಸಿದರು. 1841ರಲ್ಲಿ ನಾಲ್ವರು ಸಂಗಡಿಗರೊಡನೆ ಮೀನು ಹಿಡಿಯಲು ಹೋಗಿದ್ದಾಗ ಬಿರುಗಾಳಿಗೆ ಸಿಲುಕಿ ನಿರ್ಜನ ದ್ವೀಪವೊಂದನ್ನು ಸೇರಿದರು. ಅವರನ್ನು ರಕ್ಷಿಸಿದ ಅಮೆರಿಕನ್ ತಿಮಿಂಗಿಲ ಬೇಟೆ ಹಡಗಿನ ಕಪ್ತಾನ ವಿಲಿಯಂ ವಿಟ್‌ಫೀಲ್ಡ್, ಮಾಂಜಿರೋ ಅವರನ್ನು ಮ್ಯಾಸಚೂಸೆಟ್ಸ್‌ಗೆ ಕರೆದೊಯ್ದು ಓದಿಸಿದರು.

ವಿದೇಶಕ್ಕೆ ಹೋದವರು ಹಿಂದಿರುಗಿದರೆ ಮರಣದಂಡನೆ ವಿಧಿಸುವ ಕಾನೂನು ಆಗ ಜಪಾನಿನಲ್ಲಿತ್ತು. ಆದರೂ ಕ್ಯಾಲಿಫೋರ್ನಿಯದ ಚಿನ್ನದ ಗಣಿಗಳಲ್ಲಿ ದುಡಿದು ಹಣ ಕೂಡಿಸಿ, 1851ರಲ್ಲಿ ಇಬ್ಬರು ಸಂಗಡಿಗರೊಡನೆ ಒಕಿನಾವಾ ತಲುಪಿದರು. ದೀರ್ಘ ವಿಚಾರಣೆಯ ನಂತರ ಬಿಡುಗಡೆ ಹೊಂದಿ, 1852ರಲ್ಲಿ ಹುಟ್ಟೂರಿನಲ್ಲಿ ತಾಯಿಯನ್ನು ಕಂಡರು.

1853ರಲ್ಲಿ ಅಮೆರಿಕದ ಯುದ್ಧನೌಕೆಗಳು ಬಂದಾಗ ಇಂಗ್ಲಿಷ್ ಬಲ್ಲ ಅವರನ್ನು ಸರ್ಕಾರ ರಾಜಧಾನಿ ಎಡೋಗೆ ಕರೆಸಿಕೊಂಡಿತು. ಆದರೆ ಅಮೆರಿಕದ ಪಕ್ಷಪಾತಿಯಾಗಿರಬಹುದೆಂಬ ಶಂಕೆಯಿಂದ ಸಂಧಾನದ ಮಾತುಕತೆಗೆ ಸೇರಿಸಲಿಲ್ಲ. 1860ರಲ್ಲಿ ಕನ್ರಿನ್ ಮಾರು ಹಡಗಿನಲ್ಲಿ ದುಭಾಷಿಯಾಗಿ ಅಮೆರಿಕಕ್ಕೆ ತೆರಳಿದರು.